ಜ್ಞಾನ ನಿರ್ವಹಣೆಯ ಕೌಶಲಗಳಿಂದ ಕಂಪನಿಗೆ ಸ್ಪರ್ಧೆಯಲ್ಲಿ ಮೇಲುಗೈ ಸಿಗುವುದು ಹೇಗೆ?

ಪ್ರಶ್ನೆ: ನಿರಂತರ ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಯಂತ್ರೋಪಕರಣಗಳನ್ನು ತಯಾರಿಸಿ, ಮಾರಾಟದ ನಂತರದ ದುರಸ್ತಿ ಸೇವೆಯನ್ನೂ ಒದಗಿಸುವ ಮಧ್ಯಮ ಗಾತ್ರದ ಕಂಪನಿಯೊಂದರ ತರಬೇತಿ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ನಮ್ಮ ಆಡಳಿತ ಮಂಡಳಿಯು ಜ್ಞಾನ ನಿರ್ವಹಣೆಗೆಂದು, ಅಂದರೆ ಸಿಬ್ಬಂದಿಯ ಅನುಭವದ ತಿಳಿವಳಿಕೆಯನ್ನು ಸಂಗ್ರಹಿಸಿ, ಹಂಚಿ, ಬಳಸಿಕೊಳ್ಳುವ ಕೆಲಸಕ್ಕೆಂದು, ಸಾಫ್ಟ್‌ವೇರ್ ಒಂದನ್ನು ಖರೀದಿಸುವ ಆಲೋಚನೆಯಲ್ಲಿದೆ. ಅದಕ್ಕೂ ಮೊದಲು ಸಿಬ್ಬಂದಿಗೆ ಯಾವ ಕೌಶಲಗಳನ್ನು ಕಲಿಸಬೇಕು, ಅವುಗಳಿಂದ ಪ್ರತಿಸ್ಪರ್ಧಿಗಳ ಎದುರು ನಮಗೆ ದೊರೆಯುವ ಅನುಕೂಲವೇನು ಎಂಬುದನ್ನು ವಿವರಿಸುವ ಟಿಪ್ಪಣಿಯನ್ನು ಸಿದ್ಧಪಡಿಸುವಂತೆ ನನಗೆ ಸೂಚಿಸಿದೆ.

ಈ ವಿಷಯದ ಬಗ್ಗೆ ಓದತೊಡಗಿದ ಮೇಲೆ ನನ್ನ ಸಂದೇಹಗಳು ಕಡಿಮೆಯಾಗುವ ಬದಲು ಹೆಚ್ಚಿವೆ. ನಾವು ಕೊಳ್ಳುವ ಸಾಫ್ಟ್‌ವೇರನ್ನು ನಮ್ಮ ಪ್ರತಿಸ್ಪರ್ಧಿಯೂ ಕೊಳ್ಳಬಹುದು. ಹಾಗಿರುವಾಗ ಅದರಿಂದ ಮೇಲುಗೈ ಎಲ್ಲಿಂದ ಬರಬೇಕು? ಇನ್ನೊಂದು ಕಡೆ, ಅನುಭವಿಗಳ ತಲೆಯಲ್ಲಿರುವುದನ್ನೆಲ್ಲ ಬರೆದಿಟ್ಟರೆ ಅದು ಕಂಪನಿಯ ಹೊರಗೆ ಹೋಗುವುದೂ ಸುಲಭವಾಗುವುದಿಲ್ಲವೇ? ಕೊನೆಯದಾಗಿ, "ಜ್ಞಾನ ನಿರ್ವಹಣೆಯ ಕೌಶಲ" ಎಂದು ಪುಸ್ತಕಗಳು ಹೇಳುವಾಗ ಅದು ದಾಖಲೆಗಳನ್ನು ವಿಂಗಡಿಸಿಡುವ ಕೆಲವೇ ಜನರ ಕೌಶಲವೇ ಅಥವಾ ಪ್ರತಿಯೊಬ್ಬ ಕೆಲಸಗಾರನಲ್ಲೂ ಇರಬೇಕಾದದ್ದೇ ಎಂಬುದು ನನಗೆ ಸ್ಪಷ್ಟವಾಗುತ್ತಿಲ್ಲ. ಬಲ್ಲವರು ದಯವಿಟ್ಟು ಉದಾಹರಣೆಗಳೊಂದಿಗೆ ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಮ್ಯಾನೇಜ್‌ಮೆಂಟ್ ಮೇಷ್ಟ್ರು

ನಿಮ್ಮ ಮೊದಲ ಸಂದೇಹವನ್ನು ಟಿಪ್ಪಣಿಯ ಮೊದಲ ವಾಕ್ಯವಾಗಿಯೇ ಇಡಬಹುದು, ಏಕೆಂದರೆ ಈ ವಿಷಯದ ಬುಡ ಇರುವುದೇ ಅಲ್ಲಿ. ಹಣ ಕೊಟ್ಟರೆ ಯಾರಿಗಾದರೂ ಸಿಗುವ ವಸ್ತುವಿನಿಂದ ಯಾರಿಗೂ ಬಹುಕಾಲ ಮೇಲುಗೈ ಉಳಿಯುವುದಿಲ್ಲ. ನಿರ್ವಹಣಾಶಾಸ್ತ್ರದ ವಿದ್ವಾಂಸ ಜೇ ಬಾರ್ನಿ ಅವರು 1991ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಲೇಖನದಲ್ಲಿ ಮಂಡಿಸಿದ ವಾದವೂ ಇದೇ: ಒಂದು ಸಂಪನ್ಮೂಲವು ಬೆಲೆಯುಳ್ಳದ್ದಾಗಿ, ವಿರಳವಾಗಿ, ಅನುಕರಿಸಲು ಕಷ್ಟವಾಗಿ, ಅದರ ಜಾಗದಲ್ಲಿ ಬೇರೊಂದನ್ನಿಟ್ಟು ಕೆಲಸ ಸಾಗಿಸಲು ಬಾರದಂತಿದ್ದಾಗ ಮಾತ್ರ ಅದು ಬಾಳಿಕೆ ಬರುವ ಮೇಲುಗೈಯನ್ನು ಕೊಡುತ್ತದೆ. ಯಂತ್ರ, ಕಟ್ಟಡ, ಸಾಫ್ಟ್‌ವೇರ್ ಇವು ಯಾವುವೂ ಈ ಪರೀಕ್ಷೆಯಲ್ಲಿ ಹೆಚ್ಚು ದಿನ ಉತ್ತೀರ್ಣವಾಗುವುದಿಲ್ಲ. ಒಂದು ಸಂಸ್ಥೆಯ ಜನ ಒಟ್ಟಾಗಿ ಕೆಲಸ ಮಾಡುತ್ತಾ ರೂಢಿಸಿಕೊಂಡ ತಿಳಿವಳಿಕೆ ಉತ್ತೀರ್ಣವಾಗುತ್ತದೆ.

ಇದಕ್ಕೆ ಟೊಯೋಟಾಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್‌ನ ಕಾರ್ಖಾನೆ ಕಳಪೆ ಗುಣಮಟ್ಟಕ್ಕೂ ಗೈರುಹಾಜರಿಗೂ ಕುಖ್ಯಾತವಾಗಿ 1982ರಲ್ಲಿ ಮುಚ್ಚಿಹೋಗಿತ್ತು. 1984ರಲ್ಲಿ ಅದೇ ಕಾರ್ಖಾನೆ ಜನರಲ್ ಮೋಟರ್ಸ್ ಮತ್ತು ಟೊಯೋಟಾಗಳ ಜಂಟಿ ಉದ್ಯಮವಾಗಿ 'ನುಮ್ಮಿ' ಎಂಬ ಹೆಸರಿನಲ್ಲಿ ಮತ್ತೆ ತೆರೆಯಿತು. ಕೆಲಸಗಾರರಲ್ಲಿ ಬಹುಪಾಲು ಹಳಬರೇ. ಕಾರ್ಮಿಕ ಸಂಘವೂ ಹಳೆಯದೇ. ಆದರೂ ಸ್ವಲ್ಪ ಕಾಲದಲ್ಲೇ ಅಲ್ಲಿಂದ ಹೊರಬರುತ್ತಿದ್ದ ಕಾರುಗಳ ಗುಣಮಟ್ಟ ಜಪಾನಿನ ಕಾರ್ಖಾನೆಗಳ ಮಟ್ಟಕ್ಕೆ ಹತ್ತಿರ ಬಂತು. ನಿಮಗೆ ಮುಖ್ಯವಾದ ಭಾಗ ಇದರ ನಂತರದ್ದು. ಜನರಲ್ ಮೋಟರ್ಸ್‌ನ ಅಧಿಕಾರಿಗಳು ಆ ಕಾರ್ಖಾನೆಯೊಳಗೇ ಇದ್ದರು, ಎಲ್ಲವನ್ನೂ ಕಣ್ಣಾರೆ ಕಾಣುತ್ತಿದ್ದರು, ಟೊಯೋಟಾ ಏನನ್ನೂ ಮುಚ್ಚಿಡಲಿಲ್ಲ. ಹಾಗಿದ್ದರೂ ಅಲ್ಲಿ ಕಲಿತದ್ದನ್ನು ತಮ್ಮದೇ ಇತರ ಕಾರ್ಖಾನೆಗಳಿಗೆ ಒಯ್ಯಲು ಆ ಕಂಪನಿಗೆ ಹಲವಾರು ವರ್ಷಗಳೇ ಬೇಕಾದವು. ದೋಷ ಕಂಡಾಗ ಉತ್ಪಾದನೆಯ ಸಾಲನ್ನು ನಿಲ್ಲಿಸಲು ಎಳೆಯುವ ಹಗ್ಗವನ್ನು ಯಾರು ಬೇಕಾದರೂ ಕಟ್ಟಿಸಬಹುದು. ಆದರೆ ಹಗ್ಗ ಎಳೆದವನ ಬಳಿಗೆ ಮೇಲ್ವಿಚಾರಕ ಬಂದು, ಬಯ್ಯದೆ, ಕಾರಣವನ್ನು ಅವನೊಂದಿಗೇ ಹುಡುಕಿ, ಅದನ್ನು ಮರುದಿನದ ಕೆಲಸದ ಕ್ರಮದಲ್ಲಿ ಸೇರಿಸುವ ಅಭ್ಯಾಸವನ್ನು ಕೊಂಡು ತರಲು ಬರುವುದಿಲ್ಲ. ನೀವು ಕೇಳುತ್ತಿರುವ "ಕೌಶಲ" ಈ ಅಭ್ಯಾಸದಲ್ಲಿದೆ.

ನಿಮ್ಮ ಎರಡನೆಯ ಸಂದೇಹ ಹೊಸದಲ್ಲ. ಬ್ರೂಸ್ ಕೋಗಟ್ ಮತ್ತು ಉಡೋ ಜಾಂಡರ್ ಎಂಬ ಸಂಶೋಧಕರು 1992ರಲ್ಲೇ ಈ ಇಕ್ಕಟ್ಟನ್ನು ಗುರುತಿಸಿದ್ದಾರೆ: ಸಂಸ್ಥೆಯೊಳಗೆ ಬೇಗ ಹರಡಲೆಂದು ಜ್ಞಾನವನ್ನು ಬರಹಕ್ಕೆ ಇಳಿಸಿದಷ್ಟೂ ಅನ್ಯರು ಅದನ್ನು ನಕಲು ಮಾಡುವ ದಾರಿಯೂ ಸುಗಮವಾಗುತ್ತದೆ. ಆದರೆ ಇದರ ಭಯದಿಂದ ಬರೆಯದೇ ಇರುವುದು ಸರಿಯಾದ ತೀರ್ಮಾನವಲ್ಲ. ಇಂಟೆಲ್ ಕಂಪನಿಯು ಒಂದು ಚಿಪ್ ಕಾರ್ಖಾನೆಯಲ್ಲಿ ಪಳಗಿದ ವಿಧಾನವನ್ನು ಮತ್ತೊಂದು ಕಾರ್ಖಾನೆಯಲ್ಲಿ ಚಿಕ್ಕ ವಿವರವನ್ನೂ ಬದಲಿಸದೆ ಯಥಾವತ್ತಾಗಿ ಮರುಸೃಷ್ಟಿಸುವ ನೀತಿಯನ್ನು ಅನುಸರಿಸಿತು. ಯಾವ ವಿವರದಿಂದ ಉತ್ಪಾದನೆಯ ಗುಣಮಟ್ಟ ಕೆಡುತ್ತದೆ ಎಂಬುದು ಪೂರ್ತಿ ತಿಳಿಯದಿರುವಾಗ ಎಲ್ಲವನ್ನೂ ಹಾಗೆಯೇ ಇಡುವುದು ಸುರಕ್ಷಿತ ಎಂಬುದು ಅದರ ತರ್ಕ. ಅಂಥ ಕಡೆ ಲಾಭ ಬರುವುದು ಗುಟ್ಟಿನಿಂದಲ್ಲ, ವೇಗದಿಂದ. ಹೊರಗಿನವರು ನಿಮ್ಮ ನಿನ್ನೆಯ ವಿಧಾನವನ್ನು ನಕಲು ಮಾಡುವ ಹೊತ್ತಿಗೆ ನೀವು ಅದನ್ನು ಸುಧಾರಿಸಿರಬೇಕು. ಬರೆದಿಡುವ, ಬರೆದದ್ದನ್ನು ತಿದ್ದುವ ಕೆಲಸ ನಿಂತ ದಿನದಿಂದ ನಿಮ್ಮ ಭಯ ನಿಜವಾಗತೊಡಗುತ್ತದೆ.

ಮೂರನೆಯದಕ್ಕೆ ನನ್ನ ಉತ್ತರ ಚಿಕ್ಕದು: ದಾಖಲೆ ವಿಂಗಡಿಸುವವರ ಕೌಶಲ, ಪ್ರತಿಯೊಬ್ಬ ಕೆಲಸಗಾರನ ಕೌಶಲ ಎರಡೂ ಬೇಕು, ಆದರೆ ಎರಡನೆಯದು ಹೆಚ್ಚು ಬೇಕು. ತತ್ವಜ್ಞಾನಿ ಮೈಕೆಲ್ ಪೊಲಾನಿ 1966ರಲ್ಲಿ ವಿವರಿಸಿದಂತೆ ಮನುಷ್ಯನಿಗೆ ಹೇಳಲು ಬರುವುದಕ್ಕಿಂತ ಹೆಚ್ಚು ತಿಳಿದಿರುತ್ತದೆ. ಹೀಗೆ ಮಾತಿಗೆ ಸಿಗದೆ ಉಳಿಯುವ ತಿಳಿವಳಿಕೆಯನ್ನು ಹೊರತರುವ ಬಗೆಯನ್ನು ಜಪಾನಿನ ನಿರ್ವಹಣಾ ವಿದ್ವಾಂಸ ಇಕುಜಿರೊ ನೊನಾಕಾ ಅವರು 1991ರ ಲೇಖನದಲ್ಲಿ ಬ್ರೆಡ್ ಯಂತ್ರದ ಉದಾಹರಣೆಯಿಂದ ತೋರಿಸಿದರು. 1980ರ ದಶಕದಲ್ಲಿ ಮತ್ಸುಶಿತಾ ಕಂಪನಿ ತಯಾರಿಸುತ್ತಿದ್ದ ಮನೆಬಳಕೆಯ ಯಂತ್ರ ಹಿಟ್ಟನ್ನು ಸರಿಯಾಗಿ ನಾದುತ್ತಿರಲಿಲ್ಲ; ಬ್ರೆಡ್ಡಿನ ಹೊರಮೈ ಸೀದು ಒಳಗೆ ಹಸಿಯಾಗಿಯೇ ಉಳಿಯುತ್ತಿತ್ತು. ಹಿಟ್ಟಿನ ಎಕ್ಸ್-ರೇ ತೆಗೆದು ಹೋಲಿಸಿ ನೋಡಿದರೂ ಕಾರಣ ತಿಳಿಯಲಿಲ್ಲ. ಕೊನೆಗೆ ಆ ಯಂತ್ರವನ್ನು ರೂಪಿಸುತ್ತಿದ್ದ ತಂಡದ ಸಾಫ್ಟ್‌ವೇರ್ ಉದ್ಯೋಗಿ ಇಕುಕೊ ತನಾಕಾ ಅವರು ಒಸಾಕಾದ ಹೋಟೆಲೊಂದರ ಮುಖ್ಯ ಬ್ರೆಡ್ ತಯಾರಕರ ಬಳಿ ಕೆಲಸ ಕಲಿತು, ಅವರು ಹಿಟ್ಟನ್ನು ಹಿಗ್ಗಿಸುವಾಗ ಒಂದು ವಿಶಿಷ್ಟ ರೀತಿಯಲ್ಲಿ ತಿರುಚುವುದನ್ನು ಗಮನಿಸಿದರು. ಎಂಜಿನಿಯರುಗಳು ಯಂತ್ರದ ಒಳಗೋಡೆಗೆ ವಿಶೇಷ ಏಣುಗಳನ್ನು ಸೇರಿಸಿ ಆ ತಿರುವನ್ನು ಸಾಧಿಸಿದರು. ಆಕೆ ಮಾಡಿದ ಕೆಲಸವನ್ನು ಯಾವ ದಾಖಲೆ ವಿಭಾಗವೂ ಮಾಡಲಾರದು. ಗಮನಿಸುವುದು, ಸ್ವತಃ ಮಾಡಿ ನೋಡುವುದು, ಕಂಡದ್ದನ್ನು ಬೇರೆ ಕ್ಷೇತ್ರದವರಿಗೆ ಅರ್ಥವಾಗುವಂತೆ ಹೇಳುವುದು, ಈ ಮೂರೂ ಒಬ್ಬರಲ್ಲೇ ಕೂಡಿಬಂದದ್ದರಿಂದ ಅದು ಸಾಧ್ಯವಾಯಿತು.

ಉತ್ತರ: ಹಳೆಯ ಸರ್ವಿಸ್ ಎಂಜಿನಿಯರ್

ಮೇಷ್ಟ್ರು ಹೇಳಿದ್ದಕ್ಕೆ ದುರಸ್ತಿ ಸೇವೆಯ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ನಿಮ್ಮ ಕಂಪನಿಗೆ ಬೇಗ ಫಲ ಸಿಗಬಹುದಾದದ್ದು ಅಲ್ಲಿಯೇ ಎಂದು ನನ್ನ ಅನಿಸಿಕೆ.

ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಕಂಪನಿಯ ದುರಸ್ತಿ ತಂತ್ರಜ್ಞರ ಜೊತೆಗೆ ಓಡಾಡಿ, ಅವರು ನಿಜವಾಗಿ ಹೇಗೆ ಕೆಲಸ ಮಾಡುತ್ತಾರೆಂಬುದನ್ನು ಅಧ್ಯಯನ ಮಾಡಿದರು. ಕಂಪನಿ ಕೊಟ್ಟಿದ್ದ ಕೈಪಿಡಿಯಲ್ಲಿ ಇಂಥ ದೋಷಸಂಕೇತ ಬಂದರೆ ಇಂಥ ಭಾಗ ಬದಲಿಸಿ ಎಂದಿರುತ್ತಿತ್ತು; ಆದರೆ ಎದುರಿಗಿದ್ದ ಯಂತ್ರ ಕೈಪಿಡಿಯಂತೆ ಕೆಡುತ್ತಿರಲಿಲ್ಲ. ಆಗ ತಂತ್ರಜ್ಞರು ಊಟಕ್ಕೋ ಕಾಫಿಗೋ ಸೇರಿದಾಗ ಹಿಂದೆ ಎದುರಾದ ವಿಚಿತ್ರ ಪ್ರಕರಣಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡು, ಆ ಪ್ರಸಂಗಗಳ ಮೂಲಕವೇ ರೋಗನಿರ್ಣಯ ಮಾಡುತ್ತಿದ್ದರು. ಮೇಲಿನಿಂದ ನೋಡಿದವರಿಗೆ ಅದು ಕಾಡುಹರಟೆಯಂತೆ ಕಾಣಿಸುವ ಸಂಗತಿ. ಈ ತಿಳಿವಳಿಕೆಯ ಆಧಾರದ ಮೇಲೆ 1990ರ ದಶಕದಲ್ಲಿ 'ಯುರೇಕಾ' ಎಂಬ ವ್ಯವಸ್ಥೆ ರೂಪುಗೊಂಡು, ಮೊದಲು ಫ್ರಾನ್ಸಿನಲ್ಲಿ ಪ್ರಯೋಗಕ್ಕೆ ಬಂತು. ತಂತ್ರಜ್ಞರು ತಾವು ಕಂಡುಕೊಂಡ ಪರಿಹಾರವನ್ನು ಬರೆದು ಕಳುಹಿಸುವರು; ಅನುಭವಿ ಸಹೋದ್ಯೋಗಿಗಳು ಅದನ್ನು ಪರಿಶೀಲಿಸುವರು; ಸರಿಯೆಂದು ಕಂಡರೆ ಬರೆದವರ ಹೆಸರಿನೊಂದಿಗೇ ಅದು ಎಲ್ಲರಿಗೂ ತಲುಪುವುದು. ಹಣದ ಬಹುಮಾನ ಕೊಡುವ ಸಲಹೆ ಬಂದಾಗ ತಂತ್ರಜ್ಞರೇ ಅದನ್ನು ಬಯಸಲಿಲ್ಲ, ಹೆಸರು ಉಳಿದರೆ ಸಾಕೆಂದರು. ಹೀಗೆ ಒಬ್ಬನ ಪರಿಹಾರ ದೂರದ ಊರಿನ ಇನ್ನೊಬ್ಬನಿಗೆ ಸಿಕ್ಕಾಗ ಗ್ರಾಹಕನ ಯಂತ್ರ ಬೇಗ ದುರಸ್ತಿಯಾಗುತ್ತದೆ, ಬಿಡಿಭಾಗಗಳ ಖರ್ಚೂ ಉಳಿಯುತ್ತದೆ. ಗ್ರಾಹಕನ ಕಣ್ಣಿಗೆ ಬೀಳುವ ಮೇಲುಗೈ ಇದು.

ಇದನ್ನು ಕಡೆಗಣಿಸಿದರೆ ಆಗುವ ನಷ್ಟಕ್ಕೂ ನಿದರ್ಶನಗಳಿವೆ. ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್ ವಿಮಾನದ ತಯಾರಿಕೆಯ ಅಂಕಿಅಂಶಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಅಧ್ಯಯನವೊಂದು, ವಿಮಾನಗಳ ಸಂಖ್ಯೆ ಹೆಚ್ಚಿದಂತೆ ಪ್ರತಿ ವಿಮಾನಕ್ಕೆ ಬೇಕಾಗುವ ಶ್ರಮ ಇಳಿಯುತ್ತಲೇ ಹೋಗಬೇಕೆಂಬ ನಿರೀಕ್ಷೆ ಸುಳ್ಳಾದದ್ದನ್ನು ತೋರಿಸಿತು. ಉತ್ಪಾದನೆ ಕುಸಿದು, ಅನುಭವಿ ಕೆಲಸಗಾರರು ಚದುರಿಹೋದ ಅವಧಿಯಲ್ಲಿ ಆ ಶ್ರಮ ಮತ್ತೆ ಏರಿತ್ತು. ಅಂದರೆ ಸಂಸ್ಥೆಯೂ ಕಲಿತದ್ದನ್ನು ಮರೆಯುತ್ತದೆ. ನಾಸಾದ ಸ್ಯಾಟರ್ನ್-5 ರಾಕೆಟ್ಟಿನ ಎಫ್-1 ಎಂಜಿನ್ನಿನದು ಇನ್ನೂ ಸ್ವಾರಸ್ಯಕರ. ಅದರ ನಕ್ಷೆಗಳು ಕಳೆದುಹೋಗಿವೆ ಎಂಬುದು ಬರೀ ವದಂತಿ, ನಕ್ಷೆಗಳು ಇದ್ದವು. ಆದರೆ 2012-13ರ ಸುಮಾರಿಗೆ ಮಾರ್ಷಲ್ ಬಾಹ್ಯಾಕಾಶ ಕೇಂದ್ರದ ಯುವ ಎಂಜಿನಿಯರುಗಳು ಉಳಿದಿದ್ದ ಎಂಜಿನ್ ಒಂದನ್ನು ಬಿಚ್ಚಿ ನೋಡಿದಾಗ, ಅಂದಿನ ಬೆಸುಗೆಗಾರರು ಕೈಯಳತೆಯಲ್ಲಿ ಮಾಡಿಕೊಂಡಿದ್ದ ಎಷ್ಟೋ ಹೊಂದಾಣಿಕೆಗಳು ಯಾವ ನಕ್ಷೆಯಲ್ಲೂ ಇರಲಿಲ್ಲ.

ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಡಬೇಕಾದದ್ದು ಕೇಳುವ ಕೌಶಲಕ್ಕೆ. ನಿವೃತ್ತಿಯ ಅಂಚಿನಲ್ಲಿರುವವರನ್ನು ಕೂರಿಸಿಕೊಂಡು "ನಿಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ" ಎಂದರೆ, ಅವರು ಕೈಪಿಡಿಯಲ್ಲಿರುವುದನ್ನೇ ಮತ್ತೊಮ್ಮೆ ಬರೆದುಕೊಡುತ್ತಾರೆ. ಅವರಿಗೆ ತೀರಾ ಸಹಜವಾಗಿಬಿಟ್ಟಿರುವುದು ಹೇಳತಕ್ಕ ವಿಷಯವೆಂದು ಅವರಿಗೇ ತೋಚುವುದಿಲ್ಲ. ಅದರ ಬದಲು ಕೈಪಿಡಿಯನ್ನು ಮೀರಿ ನಡೆದುಕೊಂಡ ಒಂದು ನಿರ್ದಿಷ್ಟ ಪ್ರಕರಣವನ್ನು ಹೇಳಿಸಬೇಕು. ಮೊದಲು ಏನನ್ನು ನೋಡಿದಿರಿ, ಯಾವ ಶಬ್ದ ಅಥವಾ ವಾಸನೆಯಿಂದ ಅನುಮಾನ ಬಂತು, ಯಾವ ಸಾಧ್ಯತೆಯನ್ನು ಏಕೆ ಕೈಬಿಟ್ಟಿರಿ, ಹೊಸಬನಾಗಿದ್ದರೆ ಎಲ್ಲಿ ಎಡವುತ್ತಿದ್ದ ಎಂದು ಬಿಡಿಸಿ ಬಿಡಿಸಿ ಕೇಳಬೇಕು. ಸಾಧ್ಯವಾದರೆ ಯಂತ್ರದ ಮುಂದೆಯೇ ನಿಂತು ಕೇಳಬೇಕು. ಹೀಗೆ ಕೇಳಲು ಬರುವವರು ಯಾವ ಸಂಸ್ಥೆಯಲ್ಲಾದರೂ ವಿರಳ, ಆದರೆ ಈ ವಿದ್ಯೆಯನ್ನು ತರಬೇತಿಯಿಂದ ಕಲಿಸಬಹುದು.

ಉತ್ತರ: ಲೆಕ್ಕಪತ್ರದವರು

ಚರ್ಚೆ ಚೆನ್ನಾಗಿದೆ, ಆದರೆ ಇದರ ಇನ್ನೊಂದು ಮುಖವನ್ನೂ ಟಿಪ್ಪಣಿಯಲ್ಲಿ ಬರೆಯದಿದ್ದರೆ ನಿಮ್ಮ ಆಡಳಿತ ಮಂಡಳಿಗೆ ಅನ್ಯಾಯವಾಗುತ್ತದೆ. ಜ್ಞಾನ ನಿರ್ವಹಣೆಯ ಹೆಸರಿನಲ್ಲಿ ಆದ ಖರ್ಚಿನ ಬಹುಭಾಗ ಯಾರೂ ತೆರೆದು ನೋಡದ ಕಡತಗಳಾಗಿ ಉಳಿದಿದೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಅಭಿಪ್ರಾಯವನ್ನು ಬದಲಿಸಿಕೊಳ್ಳುವಂಥದ್ದೇನೂ ಇದುವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಮಾರ್ಟೀನ್ ಹಾಸ್ ಮತ್ತು ಮಾರ್ಟನ್ ಹ್ಯಾನ್ಸನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸಲಹಾ ಕಂಪನಿಯಲ್ಲಿ ಹೊಸ ಕೆಲಸಗಳಿಗಾಗಿ ಪ್ರತಿಸ್ಪರ್ಧಿಗಳೊಂದಿಗೆ ಪೈಪೋಟಿ ನಡೆಸುತ್ತಿದ್ದ 182 ಮಾರಾಟ ತಂಡಗಳನ್ನು ಪರಿಶೀಲಿಸಿದರು. ಕಂಪನಿಯ ಜ್ಞಾನಭಂಡಾರದಿಂದ ಹೆಚ್ಚು ದಾಖಲೆಗಳನ್ನು ಬಳಸಿಕೊಂಡ ತಂಡಗಳು ಹೆಚ್ಚು ಗೆಲ್ಲಬೇಕಿತ್ತಲ್ಲವೇ? ಅನುಭವಿ ತಂಡಗಳ ವಿಷಯದಲ್ಲಿ ಫಲ ತಿರುಗುಮುರುಗಾಗಿತ್ತು. ಅವು ಹೆಚ್ಚು ದಾಖಲೆಗಳನ್ನು ಬಳಸಿದಷ್ಟೂ ಗೆಲ್ಲುವ ಸಾಧ್ಯತೆ ಕುಗ್ಗಿತ್ತು. ತಮಗೇ ಗೊತ್ತಿರುವುದನ್ನು ಮತ್ತೆ ಹುಡುಕಿ, ಹಳೆಯ ಪ್ರಸ್ತಾಪಗಳ ತುಂಡುಗಳನ್ನು ಜೋಡಿಸಿಕೊಟ್ಟರೆ ಗ್ರಾಹಕನಿಗೆ ಅದರಲ್ಲಿ ತನ್ನ ಸಮಸ್ಯೆ ಕಾಣಿಸುವುದಿಲ್ಲ. ಹಾಗಾಗಿ ಯಾವಾಗ ಭಂಡಾರವನ್ನು ತೆರೆಯಬಾರದು ಎಂಬ ವಿವೇಚನೆಯೂ ಒಂದು ಕೌಶಲ, ಮತ್ತು ಅದನ್ನು ಯಾವ ಸಾಫ್ಟ್‌ವೇರ್ ಮಾರಾಟಗಾರನೂ ಹೇಳಿಕೊಡುವುದಿಲ್ಲ.

ಬಹುಮಾನದ ವಿಷಯ ಬಂದದ್ದರಿಂದ ಇನ್ಫೋಸಿಸ್‌ನ ಪ್ರಸಂಗವನ್ನೂ ಉಲ್ಲೇಖಿಸಬೇಕು. ಅಲ್ಲಿ ಸಿಬ್ಬಂದಿ ಭಂಡಾರಕ್ಕೆ ಲೇಖನ ಸೇರಿಸಿದರೆ ಅಂಕಗಳು ಸಿಗುವ, ಅವುಗಳನ್ನು ಉಡುಗೊರೆಯಾಗಿ ಬದಲಿಸಿಕೊಳ್ಳಬಹುದಾದ ಏರ್ಪಾಡು ಜಾರಿಗೆ ಬಂದಾಗ ಕೊಡುಗೆಗಳು ಪ್ರವಾಹದಂತೆ ಬಂದವು. ಆದರೆ ಅವುಗಳ ಗುಣಮಟ್ಟ ಕುಸಿಯಿತು, ಪರಿಶೀಲಕರ ಮೇಲೆ ಹೊರೆ ಬಿತ್ತು. ಆಮೇಲೆ ಕಂಪನಿಯು ಲೇಖನ ಸೇರಿಸಿದ್ದಕ್ಕಿಂತ ಅದು ಇತರರಿಗೆ ಎಷ್ಟು ಉಪಯೋಗವಾಯಿತು ಎಂಬುದಕ್ಕೆ ಮಹತ್ವ ಬರುವಂತೆ ಆ ಕ್ರಮವನ್ನು ಪರಿಷ್ಕರಿಸಿತು. ಈ ಪ್ರಕರಣವನ್ನು ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ 2005ರಲ್ಲಿ ವಿವರವಾಗಿ ವಿಶ್ಲೇಷಿಸಿದ್ದಾರೆ. ಸೇರಿಸಿದ್ದನ್ನು ಎಣಿಸಿದರೆ ಸೇರಿಸುವವರು ಹೆಚ್ಚುತ್ತಾರೆ, ಅಷ್ಟೇ.

ನಿರಂತರ ವಿದ್ಯಾರ್ಥಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಲೆಕ್ಕಪತ್ರದವರ ಎಚ್ಚರಿಕೆಯನ್ನು ಟಿಪ್ಪಣಿಯಲ್ಲಿ ಖಂಡಿತ ಸೇರಿಸುತ್ತೇನೆ. ನನ್ನದೊಂದು ಉಪಪ್ರಶ್ನೆ: ನಮ್ಮಲ್ಲಿ ಒಂದು ಶಾಖೆ ಚೆನ್ನಾಗಿ ಮಾಡುವ ಕೆಲಸವನ್ನು ಇನ್ನೊಂದು ಶಾಖೆ ಕಲಿಯುವುದೇ ಇಲ್ಲ, ಮತ್ತು ಇದಕ್ಕೆ ಸಿಬ್ಬಂದಿಯ ಅಸಡ್ಡೆಯೇ ಕಾರಣವೆಂದು ಮೇಲಿನವರು ನಂಬಿದ್ದಾರೆ. ಈ ನಂಬಿಕೆ ಸರಿಯೇ? ಹಾಗೆಯೇ, ಸಾಫ್ಟ್‌ವೇರ್ ಕೊಳ್ಳುವುದಕ್ಕೆ ಮೊದಲೇ ಆರಂಭಿಸಬಹುದಾದ ಅಭ್ಯಾಸಗಳೇನಾದರೂ ಇವೆಯೇ? ಪ್ರಗತಿಯನ್ನು ಅಳೆಯುವುದು ಹೇಗೆ?

ಉತ್ತರ: ಮ್ಯಾನೇಜ್‌ಮೆಂಟ್ ಮೇಷ್ಟ್ರು

ಆ ನಂಬಿಕೆ ಬಹಳ ವ್ಯಾಪಕವಾದದ್ದು, ಆದರೆ ಸಾಕ್ಷ್ಯ ಅದರ ಪರವಾಗಿಲ್ಲ. ಗೇಬ್ರಿಯಲ್ ಶುಲಾನ್ಸ್ಕಿ ಅವರು ಎಂಟು ಕಂಪನಿಗಳಲ್ಲಿ ಒಂದು ಘಟಕದ ಉತ್ತಮ ಕ್ರಮವನ್ನು ಇನ್ನೊಂದಕ್ಕೆ ಒಯ್ಯಲು ನಡೆದ 122 ಪ್ರಯತ್ನಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಮುಖ್ಯ ಅಡ್ಡಿಗಳಾಗಿ ಕಂಡದ್ದು ಮೂರು: ಕಲಿಯುವ ಘಟಕದಲ್ಲಿ ಅದನ್ನು ಗ್ರಹಿಸುವಷ್ಟು ಪೂರ್ವತಿಳಿವಳಿಕೆ ಇಲ್ಲದಿರುವುದು, ಆ ಕ್ರಮ ಏಕೆ ಫಲ ಕೊಡುತ್ತಿದೆ ಎಂಬುದು ಅದನ್ನು ಅನುಸರಿಸುವವರಿಗೇ ಸ್ಪಷ್ಟವಿಲ್ಲದಿರುವುದು, ಮತ್ತು ಎರಡು ಘಟಕಗಳ ನಡುವಿನ ಸಂಬಂಧ ಹಳಸಿರುವುದು. ಮನಸ್ಸಿಲ್ಲದಿರುವುದು ಇವುಗಳಷ್ಟು ದೊಡ್ಡ ಕಾರಣವಾಗಿರಲಿಲ್ಲ. ಪೂರ್ವತಿಳಿವಳಿಕೆಯ ಮಾತನ್ನು ವೆಸ್ಲಿ ಕೋಹನ್ ಮತ್ತು ಡೇನಿಯಲ್ ಲೆವಿಂಥಾಲ್ 1990ರಲ್ಲೇ ಹೇಳಿದ್ದರು: ಹೊರಗಿನ ಹೊಸ ಜ್ಞಾನದ ಬೆಲೆಯನ್ನು ಗುರುತಿಸಿ ಬಳಸಿಕೊಳ್ಳುವ ಶಕ್ತಿ ಈಗಾಗಲೇ ಎಷ್ಟು ತಿಳಿದಿದೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಎರಡನೆಯ ಶಾಖೆಗೆ ಸುತ್ತೋಲೆ ಕಳುಹಿಸುವುದರ ಬದಲು, ಅಲ್ಲಿನ ಇಬ್ಬರನ್ನು ಮೊದಲನೆಯ ಶಾಖೆಯಲ್ಲಿ ಕೆಲವು ವಾರ ಕೆಲಸಕ್ಕೆ ಹಚ್ಚಿದರೆ ಮೂರು ಅಡ್ಡಿಗಳೂ ಒಟ್ಟಿಗೇ ಸಡಿಲವಾಗುತ್ತವೆ.

ಸಾಫ್ಟ್‌ವೇರಿಗೆ ಕಾಯದೆ ಆರಂಭಿಸಲು ಎರಡು ಅಭ್ಯಾಸಗಳು ಸಾಕು. ಒಂದು, ಅಮೆರಿಕದ ಸೇನೆ 1970ರ ದಶಕದಿಂದ ಬೆಳೆಸಿಕೊಂಡು ಬಂದಿರುವ ಕಾರ್ಯೋತ್ತರ ಅವಲೋಕನ. ಕೆಲಸ ಮುಗಿದೊಡನೆ ಅದರಲ್ಲಿ ಭಾಗವಹಿಸಿದವರೆಲ್ಲ ಕುಳಿತು, ಏನಾಗಬೇಕಿತ್ತು, ಏನಾಯಿತು, ವ್ಯತ್ಯಾಸ ಏಕೆ ಬಂತು, ಮುಂದಿನ ಸಲ ಏನು ಮಾಡೋಣ ಎಂಬುದನ್ನು ಮಾತಾಡುತ್ತಾರೆ. ಅಲ್ಲಿ ಹುದ್ದೆಯ ಹಿರಿತನಕ್ಕೆ ಸ್ಥಾನವಿಲ್ಲ, ತಪ್ಪಿತಸ್ಥರ ಹುಡುಕಾಟಕ್ಕೂ ಇಲ್ಲ. ಇನ್ನೊಂದು, ಬಿಪಿ ತೈಲ ಕಂಪನಿ 1990ರ ದಶಕದಲ್ಲಿ ರೂಢಿಸಿದ ಸಹವರ್ತಿಗಳ ನೆರವು. ದೊಡ್ಡ ಕೆಲಸವನ್ನು ಕೈಗೆತ್ತಿಕೊಳ್ಳುವ ಮೊದಲೇ ಅಂಥದ್ದನ್ನು ಮಾಡಿ ಬಲ್ಲ ಬೇರೆ ಘಟಕದವರನ್ನು ಕರೆಸಿ, ನಮ್ಮ ಯೋಜನೆ ಇದು, ಇದರಲ್ಲಿ ಎಲ್ಲಿ ಸಿಕ್ಕಿಬೀಳುತ್ತೇವೆ ಹೇಳಿ ಎಂದು ಕೇಳುವ ಕ್ರಮವಿದು. ಮೊದಲನೆಯದರಲ್ಲಿ ಸಭೆ ನಡೆಸುವವರ ಚಾತುರ್ಯ ಮುಖ್ಯ. ಎರಡನೆಯದರಲ್ಲಿ ಸಹಾಯ ಕೇಳಲು ಸಂಕೋಚವಿಲ್ಲದಿರುವುದು ಮುಖ್ಯ. ಎರಡನ್ನೂ ನಿಮ್ಮ ತರಬೇತಿ ವಿಭಾಗ ಕಲಿಸಬಹುದು.

ಅಂದಹಾಗೆ, ನಿಮ್ಮ ಕಂಪನಿಗೆ ಐಎಸ್ಒ 9001 (ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರ ಇದ್ದರೆ, ಅದರ 2015ರ ಆವೃತ್ತಿಯ 7.1.6ನೆಯ ಕಲಮು ಸಂಸ್ಥೆಯ ಜ್ಞಾನವನ್ನು ಗುರುತಿಸಿ ಕಾಪಾಡಿಕೊಳ್ಳಬೇಕೆಂದು ಈಗಾಗಲೇ ವಿಧಿಸುತ್ತದೆ. 2018ರಲ್ಲಿ ಜ್ಞಾನ ನಿರ್ವಹಣೆಗಾಗಿಯೇ ಐಎಸ್ಒ 30401 ಎಂಬ ಪ್ರತ್ಯೇಕ ಮಾನದಂಡವೂ ಬಂದಿದೆ. ಆಡಳಿತ ಮಂಡಳಿಯನ್ನು ಒಪ್ಪಿಸಲು ಇವು ಉಪಯೋಗಕ್ಕೆ ಬರಬಹುದು, ಆದರೆ ಪ್ರಮಾಣಪತ್ರವೂ ಪ್ರತಿಸ್ಪರ್ಧಿಗೆ ಸಿಗುವಂಥದ್ದೇ ಎಂಬುದು ನೆನಪಿರಲಿ.

ಉತ್ತರ: ಹಳೆಯ ಸರ್ವಿಸ್ ಎಂಜಿನಿಯರ್

ಅಳೆಯುವ ವಿಷಯದಲ್ಲಿ ಲೆಕ್ಕಪತ್ರದವರ ಮಾತನ್ನು ಒಪ್ಪಿಕೊಂಡೇ ಹೇಳುತ್ತೇನೆ: ದಾಖಲೆಗಳ ಸಂಖ್ಯೆಯನ್ನು ವರದಿಯಿಂದ ತೆಗೆದುಬಿಡಿ. ಹೊಸದಾಗಿ ಸೇರಿದ ತಂತ್ರಜ್ಞ ಯಾರ ನೆರವಿಲ್ಲದೆ ದುರಸ್ತಿಗೆ ಹೋಗಲು ಎಷ್ಟು ತಿಂಗಳು ಬೇಕಾಗುತ್ತದೆ, ಮೊದಲ ಭೇಟಿಯಲ್ಲೇ ಸರಿಹೋದ ದೂರುಗಳ ಪಾಲು ಎಷ್ಟು, ಅದೇ ದೋಷಕ್ಕೆ ಎರಡನೆಯ ಬಾರಿ ಹೋಗಬೇಕಾದದ್ದು ಎಷ್ಟು ಸಲ, ಒಂದು ಶಾಖೆಯಲ್ಲಿ ಸಿಕ್ಕ ಪರಿಹಾರ ಮತ್ತೊಂದು ಶಾಖೆಯಲ್ಲಿ ಬಳಕೆಯಾಗಲು ಎಷ್ಟು ದಿನ ಹಿಡಿಯಿತು ಎಂಬಿವನ್ನು ಈಗಿನಿಂದಲೇ ಗುರುತುಹಾಕಿಕೊಳ್ಳಿ. ಇವುಗಳ ಬಹುಪಾಲು ಅಂಕಿಗಳು ನಿಮ್ಮ ಸೇವಾ ವಿಭಾಗದ ದೂರು ಪುಸ್ತಕದಲ್ಲಿಯೇ ಸಿಗುತ್ತವೆ, ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಇನ್ನು ಸಾಫ್ಟ್‌ವೇರ್ ಬಂದೇ ಬರುವುದಾದರೆ ಒಂದು ನಿಯಮವನ್ನು ಮೊದಲ ದಿನವೇ ಹಾಕಿಬಿಡಿ. ಪ್ರತಿ ಬರಹಕ್ಕೂ ಒಬ್ಬ ಹೊಣೆಗಾರನ ಹೆಸರು ಮತ್ತು ಮರುಪರಿಶೀಲನೆಯ ದಿನಾಂಕ ಇರಬೇಕು. ಆ ದಿನಾಂಕ ಕಳೆದೂ ಯಾರೂ ನೋಡದೇ ಹೋದರೆ ಅದು ಹುಡುಕಾಟದ ಫಲಿತಾಂಶದಲ್ಲಿ ಕಾಣಿಸಿಕೊಳ್ಳಬಾರದು. ಹಳೆಯ ಮಾದರಿಯ ಯಂತ್ರಕ್ಕೆ ಬರೆದ ಪರಿಹಾರವನ್ನು ಹೊಸ ಮಾದರಿಗೆ ಹಚ್ಚಿ ಕೆಡಿಸಿದ ತಂತ್ರಜ್ಞ ಮತ್ತೆ ಆ ಭಂಡಾರವನ್ನು ತೆರೆಯುವುದಿಲ್ಲ, ತನ್ನ ಜೊತೆಯವರಿಗೂ ಹಾಗೆಯೇ ಹೇಳುತ್ತಾನೆ.